ಏಳನೆಯ ತರಗತಿಯ ಕಡೆಯ ದಿನ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡಾಗ, ವಿಷಯವನ್ನು ನಾವೇ ಆರಿಸಿಕೊಳ್ಳಬಹುದೆಂದೂ ಉದಾರವಾಗಿ ಅನುಮತಿಯಿತ್ತರು. ಇಂತಹ ಸಭೆಗಳಲ್ಲಿ ಗಡಿಯ ವಿಚಾರವನ್ನು ಹೇಳುವುದು ವಾಡಿಕೆ. 1956ನೆಯ ಇಸವಿ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದುದನ್ನೂ, ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವು ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕುದೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದುದನ್ನೂ, ಅದು ಕಾರ್ಯಗತವಾಗದೆ ಉಳಿದುದನ್ನೂ ನಮಗಿಂತ ಚೆನ್ನಾಗಿ ಬಲ್ಲವರು ಹೇಳಿದ್ದಾರೆ, ಇನ್ನೂ ಹೇಳುವರು. ನಾವಾದರೋ ಶಾಲೆಯ ನಾಲ್ಕು ಗೋಡೆಗಳೊಳಗೆ ಇಪ್ಪತ್ತು ವರ್ಷಗಳನ್ನು ಕಳೆದವರು. ನಮಗೆ ಚೆನ್ನಾಗಿ ತಿಳಿದಿರುವುದು ಸೀಮೆಸುಣ್ಣ, ಕರಿಹಲಗೆ, ಹಾಜರಿಪುಸ್ತಕ. ಆದುದರಿಂದ ವರ್ಷದಲ್ಲಿ ಒಂದೇ ಒಂದು ದಿನದ ವಿಚಾರವನ್ನು ತಮ್ಮ ಮುಂದಿಡುತ್ತೇವೆ. ಅದು ಏಳನೆಯ ತರಗತಿಯ ಕಡೆಯ ದಿನ.

ಕೇರಳದ ಶಿಕ್ಷಣಕ್ರಮದಲ್ಲಿ ಒಂದರಿಂದ ನಾಲ್ಕರವರೆಗೆ ಕಿರಿಯ ಪ್ರಾಥಮಿಕ, ಐದರಿಂದ ಏಳರವರೆಗೆ ಹಿರಿಯ ಪ್ರಾಥಮಿಕ, ಎಂಟರಿಂದ ಹತ್ತರವರೆಗೆ ಪ್ರೌಢ ಎಂದು ವಿಭಾಗಗಳಿರುವುದು ತಮಗೆ ತಿಳಿದದ್ದೆ. ನಡುವಿನ ವಿಭಾಗವನ್ನು ನಮ್ಮ ಹಿರಿಯರು ಇಂದಿಗೂ ಮಿಡ್ಲ್ ಸ್ಕೂಲು ಎಂದೇ ಕರೆಯುತ್ತಾರೆ. ನಮ್ಮ ಪ್ರೌಢಶಾಲೆಗೆ ಈ ತರಗತಿಗಳೂ ಸೇರಿಕೊಂಡಿರುವುದರಿಂದ, ಏಳನೆಯ ತರಗತಿಯ ಕನ್ನಡ ಪಾಠವು ಬಹುಕಾಲದಿಂದ ನಮ್ಮ ಪಾಲಿಗೆ ಬಂದಿದೆ.

ಆ ದಿನದ ಚಿತ್ರ ತಮಗೂ ಅಪರಿಚಿತವಲ್ಲ. ಮಾರ್ಚ್ ತಿಂಗಳ ಕಡೆ. ವಾರ್ಷಿಕ ಪರೀಕ್ಷೆಯ ಕಡೆಯ ಪತ್ರಿಕೆ ಮುಗಿದಿರುತ್ತದೆ. ಶಾಲೆಯ ಹಿಂದಣ ಗುಡ್ಡದಿಂದ ಗೇರುಹಣ್ಣಿನ ವಾಸನೆ ಬಿಸಿಗಾಳಿಯೊಡನೆ ಬರುತ್ತಿರುತ್ತದೆ. ಮಧ್ಯಾಹ್ನದ ಊಟದ ಅಡಿಗೆಮನೆಯಲ್ಲಿ ಅಂದು ಪಾಯಸ. ಹುಡುಗರು ಒಬ್ಬರ ಬಿಳಿಯ ಅಂಗಿಯ ಮೇಲೆ ಇನ್ನೊಬ್ಬರು ಶಾಯಿಯನ್ನೆರಚಿ, ಮನೆಯಲ್ಲಿ ದೊರೆಯಲಿರುವ ಪ್ರಸಾದವನ್ನು ಮರೆತು ನಗುತ್ತಾರೆ. ಹೆಣ್ಣುಮಕ್ಕಳು ಪುಟ್ಟ ಪುಸ್ತಕಗಳಲ್ಲಿ ಪರಸ್ಪರ ಹೆಸರು ಬರೆಯಿಸಿಕೊಳ್ಳುತ್ತಾರೆ. ಅಪರಾಹ್ಣ ಒಂದು ಸಣ್ಣ ಸಭೆ. ಬಹುಮಾನಗಳ ವಿತರಣೆ, ಒಂದೆರಡು ಹಾಡು, ಕೊನೆಗೆ ಕನ್ನಡ ಪಂಡಿತರ ಹಿತವಚನ.

ಈ ಹಿತವಚನವನ್ನು ನಾವು ಪ್ರತಿವರ್ಷ ತಪ್ಪದೆ ಮಾಡುತ್ತಿದ್ದೆವು. ಅದಕ್ಕೆ ಆಧಾರ ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿ. ಅಧ್ಯಯನವನ್ನು ಮುಗಿಸಿ ಮನೆಗೆ ಹೊರಟುನಿಂತ ಶಿಷ್ಯನಿಗೆ ಆಚಾರ್ಯನು ಹೇಳುವ ಬುದ್ಧಿವಾದ ಅಲ್ಲಿದೆ. ಸತ್ಯವನ್ನು ನುಡಿಯಬೇಕು, ಧರ್ಮದಲ್ಲಿ ನಡೆಯಬೇಕು, ತಾಯಿತಂದೆಗಳನ್ನೂ ಅತಿಥಿಯನ್ನೂ ದೇವರೆಂದು ಭಾವಿಸಬೇಕು, ಕಲಿತುದನ್ನು ಓದುವುದರಲ್ಲಿಯೂ ಪರರಿಗೆ ತಿಳಿಸುವುದರಲ್ಲಿಯೂ ಆಲಸ್ಯ ಕೂಡದು ಎಂಬುದನ್ನೆಲ್ಲ ನಾವು ವಿಸ್ತರಿಸಿ, ಕನ್ನಡವನ್ನು ಬಿಡಬೇಡಿರೆಂದು ಮುಗಿಸುತ್ತಿದ್ದೆವು. ಆ ಭಾಗದಲ್ಲಿಯೇ ಇನ್ನೊಂದು ಮಾತಿದೆ. ಅದನ್ನು ನಾವು ಎಂದೂ ವಿವರಿಸುತ್ತಿರಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇವೆ.

ಈ ದಿನವು ಬೇರೆ ಊರುಗಳಲ್ಲಿ ಮಕ್ಕಳ ಆಟದ ದಿನವಷ್ಟೆ. ನಮ್ಮಲ್ಲಿ ಹಾಗಲ್ಲ. ಪರೀಕ್ಷೆ ಮುಗಿದೊಡನೆ ಕೆಲವರು ಪಾಲಕರು ಕಚೇರಿಯ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಅವರಿಗೆ ಬೇಕಾದದ್ದು ವರ್ಗಾವಣೆಯ ಪತ್ರ. ಎಂಟನೆಯ ತರಗತಿಗೆ ಮಗುವನ್ನು ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಬೇಕು, ಇಲ್ಲವೆ ಮಲಯಾಳ ಮಾಧ್ಯಮಕ್ಕೆ ಹಾಕಬೇಕು ಎಂಬುದು ಅವರ ನಿಶ್ಚಯ. ಏಳು ವರ್ಷ ಕನ್ನಡದಲ್ಲಿ ಲೆಕ್ಕ ಮಾಡಿ, ಕನ್ನಡದಲ್ಲಿ ಭೂಗೋಳ ಕಲಿತ ಮಗುವಿನ ದಾರಿ ಆ ಒಂದು ಕಾಗದದಿಂದ ತಿರುಗುತ್ತದೆ.

ಕನ್ನಡ ಮನೆಮಾತಾಗಿರುವ ಕಡೆ ಶಾಲೆಯ ಮಾಧ್ಯಮ ಬದಲಾದರೂ ಮನೆಯಲ್ಲಿ ಕನ್ನಡ ಉಳಿದೀತು. ಆದರೆ ಕಾಸರಗೋಡು ಸಪ್ತಭಾಷೆಗಳ ಸಂಗಮಭೂಮಿಯೆಂದು ಹೆಸರಾದುದು. ನಮ್ಮ ಕನ್ನಡ ತರಗತಿಯ ಬೆಂಚುಗಳ ಮೇಲೆ ಕುಳಿತವರಲ್ಲಿ ಮನೆಯಲ್ಲಿ ತುಳು ಆಡುವವರಿದ್ದಾರೆ, ಕೊಂಕಣಿ ಆಡುವವರಿದ್ದಾರೆ, ಮರಾಠಿ, ಬ್ಯಾರಿ, ಮಲಯಾಳ ಆಡುವವರಿದ್ದಾರೆ. ಹವ್ಯಕ ಕನ್ನಡವನ್ನಾಡುವವರೂ ಇದ್ದಾರೆ. ಇವರಲ್ಲಿ ಬಹುಮಂದಿಗೆ ಕನ್ನಡವು ತೊಟ್ಟಿಲಲ್ಲಿ ಬಂದ ಭಾಷೆಯಲ್ಲ. ಶಾಲೆಯಲ್ಲಿ ಬಂದ ಭಾಷೆ. ಅದು ಅವರ ಅಕ್ಷರದ ಭಾಷೆ, ಪತ್ರಿಕೆಯ ಭಾಷೆ, ಯಕ್ಷಗಾನದ ಪ್ರಸಂಗದ ಭಾಷೆ, ಮದುವೆಯ ಕರೆಯೋಲೆಯ ಭಾಷೆ. ಅಜ್ಜಂದಿರ ಕಾಲದ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಪತ್ರಗಳನ್ನು ತೆಗೆದು ನೋಡಿದರೆ ಅವೂ ಕನ್ನಡದಲ್ಲಿರುತ್ತವೆ.

ಇದರಲ್ಲಿ ಕುಂದೇನೂ ಇಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕನ್ನಡದಲ್ಲಿ ಬರೆದ ಅವರಿಗೆ 1949ರಲ್ಲಿ ಅಂದಿನ ಮದರಾಸು ಸರಕಾರವು ರಾಷ್ಟ್ರಕವಿಯೆಂಬ ಬಿರುದನ್ನಿತ್ತಿತು. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು, ಕನ್ನಡದ ಕವಿಗಳಾಗಿ, ಈ ನಾಡಿನ ಕನ್ನಡ ಹೋರಾಟದ ಮುಂದಾಳುಗಳಾಗಿ, ನೂರು ವರ್ಷಗಳನ್ನು ತುಂಬಿ 2015ರಲ್ಲಿ ಅವರು ತೀರಿಕೊಂಡರು. ಮನೆಯಲ್ಲಿ ಒಂದು ಮಾತು, ಅಕ್ಷರಕ್ಕೆ ಇನ್ನೊಂದು ಎಂಬ ಈ ಏರ್ಪಾಡು ನಮ್ಮಲ್ಲಿ ತಲೆಮಾರುಗಳಿಂದ ಸುಖವಾಗಿ ನಡೆದುಬಂದಿದೆ. ಆದರೆ ಇಂತಹ ಏರ್ಪಾಡಿಗೆ ಶಾಲೆಯೇ ಆಧಾರಸ್ತಂಭ. ಶಾಲೆಯಲ್ಲಿ ಕನ್ನಡ ಬಿಟ್ಟುಹೋದರೆ ಮನೆಯಲ್ಲಿ ಅದನ್ನು ಹಿಡಿದುಕೊಳ್ಳುವವರಿಲ್ಲ.

ನಮ್ಮ ಸಂವಿಧಾನದ 350ಎ ಎಂಬ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯವನ್ನು ಕಲ್ಪಿಸಬೇಕೆಂದು ಹೇಳುತ್ತದೆ. ಅದು ಜಾರಿಗೆ ಬಂದದ್ದೂ 1956ರ ನವೆಂಬರ್ 1ರಂದೇ. ಆದರೆ ಅಲ್ಲಿರುವ ಮಾತು ಪ್ರಾಥಮಿಕ ಹಂತದ ಶಿಕ್ಷಣವೆಂದು. ಏಳನೆಯ ತರಗತಿಯ ಕಡೆಯ ದಿನಕ್ಕೆ ಆ ಹಂತ ಮುಗಿಯುತ್ತದೆ. ಮುಂದೆಯೂ ಕನ್ನಡ ಮಾಧ್ಯಮವುಂಟು, ಹತ್ತನೆಯ ತರಗತಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಆದರೂ ಮಗುವನ್ನು ಯಾವ ಕಡೆಗೆ ನಡೆಸುವುದೆಂಬ ನಿರ್ಧಾರ ಮನೆಯವರದು. ಆ ನಿರ್ಧಾರದ ಹೊತ್ತಿನಲ್ಲಿ ಉಪಾಧ್ಯಾಯನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ನಾವು ಒಂದು ತಪ್ಪಿನಿಂದ ಕಲಿತೆವು. ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ನಮ್ಮ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಮನೆಮಾತು ತುಳು. ತಾಯಿ ಬೀಡಿ ಕಟ್ಟುತ್ತಿದ್ದರು. ಆ ಹುಡುಗಿ ಕನ್ನಡವನ್ನು ಓದತೊಡಗಿದರೆ ತರಗತಿಯಲ್ಲಿ ಗದ್ದಲ ತಾನಾಗಿ ನಿಲ್ಲುತ್ತಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರೆಳೆಯಬೇಕು ಎಂಬುದನ್ನು ನಾವು ಅವಳಿಗೆ ಹೇಳಿಕೊಟ್ಟವರಲ್ಲ. ಆ ವರ್ಷದ ವಾಚನಸ್ಪರ್ಧೆಯಲ್ಲಿ ಅವಳಿಗೇ ಮೊದಲ ಬಹುಮಾನ. ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳ ಪುಸ್ತಕವೊಂದನ್ನು ಕೊಡುವುದೆಂದು ತಂದಿಟ್ಟಿದ್ದೆವು.

ಕಡೆಯ ದಿನ ಬೆಳಗ್ಗೆ ಅವಳ ತಾಯಿ ಕಚೇರಿಗೆ ಬಂದು ವರ್ಗಾವಣೆಯ ಪತ್ರವನ್ನು ಕೇಳಿದರು. ಪೇಟೆಯ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದಾಗಿ ಹೇಳಿದರು. ನಮಗೆ ವಿಷಾದವಾಯಿತು, ವಿಷಾದಕ್ಕಿಂತ ಹೆಚ್ಚಾಗಿ ಅಭಿಮಾನಭಂಗವಾಯಿತು. ಅಷ್ಟು ಚೆನ್ನಾಗಿ ಓದುವ ಮಗುವನ್ನು ಕನ್ನಡದಿಂದ ಬಿಡಿಸುವುದು ಸರಿಯೇ ಎಂದು ಕೇಳಿದೆವು. ಅವರು ಶಾಂತವಾಗಿ ತಮ್ಮ ಕಾರಣಗಳನ್ನು ಹೇಳಿದರು. ಹತ್ತರ ಬಳಿಕ ವಿಜ್ಞಾನ ಕಲಿಯಬೇಕಾದರೆ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಆಗ ಒಮ್ಮೆಲೆ ಬದಲಾಯಿಸಿದರೆ ಮಗು ತಡವರಿಸುತ್ತದೆ. ಕನ್ನಡ ತರಗತಿಗೆ ಕನ್ನಡ ಬಲ್ಲ ಉಪಾಧ್ಯಾಯರೇ ಬರುವರೆಂಬ ಭರವಸೆಯನ್ನು ಯಾರು ಕೊಡುತ್ತಾರೆ? ತಾನಂತೂ ಇದೇ ಶಾಲೆಯಲ್ಲಿ ಏಳನೆಯದನ್ನು ಓದಿ, ಇಂತಹುದೇ ಒಂದು ದಿನ ಹೊರಗೆ ಹೋದವಳು; ಮಗಳು ಅಲ್ಲಿಗೇ ನಿಲ್ಲಬಾರದು.

ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಕನ್ನಡವರಿಯದ ಉಪಾಧ್ಯಾಯರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗಿ ಬಂದು, ಪಾಲಕರೂ ಮಕ್ಕಳೂ ಪ್ರತಿಭಟಿಸಬೇಕಾಗಿ ಬಂದ ಪ್ರಸಂಗಗಳು ನಮ್ಮ ಜಿಲ್ಲೆಯಲ್ಲಿ ಪದೇ ಪದೇ ನಡೆದಿವೆ. ಆದರೆ ನಾವು ಆ ಹೊತ್ತಿನಲ್ಲಿ ಉತ್ತರ ಕೊಡಲಿಲ್ಲ, ಬೈದೆವು. ಹೊಟ್ಟೆಯ ಪಾಡಿಗಾಗಿ ನುಡಿಯನ್ನು ಮಾರುವವರಿಂದಲೇ ಕನ್ನಡವು ಹಾಳಾಗುತ್ತಿದೆಯೆಂದು ಹೇಳಿಬಿಟ್ಟೆವು. ಆ ತಾಯಿ ಏನನ್ನೂ ಹೇಳದೆ ರಸೀತಿಯ ಮೇಲೆ ಕನ್ನಡದಲ್ಲಿ ರುಜು ಮಾಡಿದರು. ಅಕ್ಷರ ದುಂಡಗಿತ್ತು. ತಲೆಯೆತ್ತಿ ನೋಡಿದಾಗ ಹುಡುಗಿ ಬಾಗಿಲ ಬಳಿಯಲ್ಲಿಯೇ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು.

ಅಪರಾಹ್ಣದ ಸಭೆಗೆ ಅವಳು ನಿಲ್ಲಲಿಲ್ಲ. ಬಹುಮಾನಕ್ಕಾಗಿ ಹೆಸರು ಕರೆದಾಗ ಯಾರೂ ಏಳಲಿಲ್ಲ. ಪುಸ್ತಕವು ಮೇಜಿನ ಮೇಲೆ ಉಳಿಯಿತು. ನಾವು ಎಂದಿನಂತೆ ಎದ್ದುನಿಂತು ಶಿಕ್ಷಾವಲ್ಲಿಯ ಅರ್ಥವನ್ನು ಹೇಳಿದೆವು. ತಾಯಿಯನ್ನು ದೇವರೆಂದು ಭಾವಿಸಬೇಕೆಂಬ ಮಾತಿಗೆ ಬಂದಾಗ ಸ್ವರ ತಗ್ಗಿತೆಂಬುದು ನೆನಪಿದೆ.

ಏಪ್ರಿಲ್ ಕಳೆಯಿತು. ಆ ಪುಸ್ತಕವು ನಮ್ಮ ಮನೆಯ ಕಪಾಟಿನಲ್ಲಿದ್ದು ದಿನವೂ ಕಣ್ಣಿಗೆ ಬೀಳುತ್ತಿತ್ತು. ಮೇ ತಿಂಗಳ ಒಂದು ಸಂಜೆ ಅದನ್ನು ಕೈಯಲ್ಲಿ ಹಿಡಿದು ಅವರ ಮನೆಯನ್ನು ಹುಡುಕಿಕೊಂಡು ಹೊರಟೆವು. ಬಸ್ಸಿಳಿದು ಒಂದು ತೋಟವನ್ನು ದಾಟಿ, ಗುಡ್ಡವನ್ನೇರಿ ಹೋಗಬೇಕು. ಅಂಗಳವನ್ನು ಮೆಟ್ಟುವ ಮೊದಲೇ ಓದಿನ ಸ್ವರ ಕೇಳಿಸಿತು. ಜಗಲಿಯಲ್ಲಿ ತಾಯಿಯೂ ನೆರೆಮನೆಯ ಇಬ್ಬರು ಹೆಂಗಸರೂ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಹುಡುಗಿ ಕಂಬಕ್ಕೊರಗಿ ಕನ್ನಡ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಅದು ಆ ಮನೆಯ ನಿತ್ಯದ ಕ್ರಮವಂತೆ. ಕೈಗಳಿಗೆ ಕೆಲಸವಿರುವುದರಿಂದ ಕಿವಿಗೆ ಓದು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರೆಳೆಯಬೇಕು ಎಂಬುದನ್ನು ಅವಳು ಕಲಿತ ಪಾಠಶಾಲೆ ಇದು ಎಂಬುದು ಆಗ ನಮಗೆ ತಿಳಿಯಿತು.

ನಮ್ಮನ್ನು ಕಂಡು ಎಲ್ಲರೂ ಎದ್ದರು. ಮಾರ್ಚಿನ ಮಾತಿಗೆ ಕ್ಷಮೆ ಬೇಡಿದೆವು. ಆ ತಾಯಿ, ಅದಿರಲಿ, ಎಂದು ತುಳುವಿನಲ್ಲಿ ಹೇಳಿ ಬೆಲ್ಲ ನೀರು ತಂದಿಟ್ಟರು. ಆಮೇಲೆ, ನಿಜವಾಗಿಯೂ ಬುದ್ಧಿ ಕೇಳುವವರಂತೆ, ಯಾವ ಕೊಂಕೂ ಇಲ್ಲದೆ ಕೇಳಿದರು: "ಮಾಸ್ಟ್ರೇ, ನಿಮ್ಮ ಮಗ ಓದುವುದು ಯಾವ ಶಾಲೆಯಲ್ಲಿ? ಓದು ಬಲ್ಲವರು ನೀವು. ನೀವು ಮಾಡಿದ ಹಾಗೆ ನಾವೂ ಮಾಡಬಹುದಲ್ಲ?"

ಬಂಧುಗಳೆ, ನಮ್ಮ ಮಗ ಆಗ ಮೂರನೆಯ ತರಗತಿಯಲ್ಲಿದ್ದ. ಪೇಟೆಯ ಒಂದು ಇಂಗ್ಲಿಷ್ ಶಾಲೆಯಲ್ಲಿ. ಅಲ್ಲಿ ಕನ್ನಡವನ್ನು ಒಂದು ವಿಷಯವಾಗಿಯೂ ಕಲಿಸುತ್ತಿರಲಿಲ್ಲ. ಆ ಹುಡುಗಿಯ ತಾಯಿ ಹೇಳಿದ ಕಾರಣಗಳನ್ನೇ ನಾವೂ ಮನೆಯಲ್ಲಿ ಹೇಳಿಕೊಂಡಿದ್ದೆವು. ಅವರು ಕಚೇರಿಗೆ ಬಂದು ಎಲ್ಲರ ಎದುರಿನಲ್ಲಿ ಹೇಳಿದರು. ನಾವು ಯಾರಿಗೂ ಹೇಳದೆ ಮಾಡಿದ್ದೆವು. ಅಷ್ಟೇ ವ್ಯತ್ಯಾಸ. ಜಗಲಿಯಲ್ಲಿ ಕುಳಿತು ಸತ್ಯವನ್ನು ಹೇಳಿದೆವು. ಅವರು ನಗಲಿಲ್ಲ. ಹಾಗಾದರೆ ಮನೆಯಲ್ಲಿ ನೀವೇ ಕನ್ನಡ ಕಲಿಸುತ್ತೀರಾ ಎಂದು ಕೇಳಿದರು. ಅದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ.

ಶಿಕ್ಷಾವಲ್ಲಿಯಲ್ಲಿ ನಾವು ವಿವರಿಸದೆ ಬಿಡುತ್ತಿದ್ದ ಮಾತು ಇದೇ. ತಮ್ಮಲ್ಲಿ ಯಾವುದು ಸನ್ನಡತೆಯೋ ಅದನ್ನಷ್ಟೇ ಶಿಷ್ಯನು ಅನುಸರಿಸತಕ್ಕದ್ದು, ಮಿಕ್ಕುದನ್ನಲ್ಲವೆಂದು ಅಲ್ಲಿ ಆಚಾರ್ಯನೇ ಹೇಳುತ್ತಾನೆ. ಬೀಳ್ಕೊಡುವ ದಿನ ಗುರುವು ತನ್ನಲ್ಲಿಯೂ ಮಿಕ್ಕುದು ಉಂಟೆಂದು ಶಿಷ್ಯನೆದುರಿನಲ್ಲಿ ಒಪ್ಪಿಕೊಳ್ಳುತ್ತಾನೆ. ವಿದ್ವಾನ್ ಪರೀಕ್ಷೆಗಾಗಿ ಓದಿದ ದಿನಗಳಿಂದಲೂ ಆ ವಾಕ್ಯ ನಮಗೆ ಬಾಯಿಪಾಠವಾಗಿತ್ತು; ಅದರ ಅರ್ಥವಾದುದು ಮಾತ್ರ ಆ ಬೀಡಿಯ ಮೊರದ ಮುಂದೆ.

ಅಂದು ಆ ಮನೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದರೆ ಕನ್ನಡವನ್ನು ಪೂರಾ ಬಿಡಬೇಕಾಗುತ್ತದೆಂದೇ ಆ ತಾಯಿ ತಿಳಿದಿದ್ದರು. ಮಾಧ್ಯಮ ಬೇರೆ, ಪ್ರಥಮ ಭಾಷೆ ಬೇರೆ. ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಓದುವ ವಿದ್ಯಾರ್ಥಿಯೂ, ಶಾಲೆಯಲ್ಲಿ ಕನ್ನಡ ಉಪಾಧ್ಯಾಯರಿದ್ದರೆ, ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಬಹುದು. ಅವಳು ಸೇರಲಿದ್ದ ಶಾಲೆಯಲ್ಲಿ ಆ ಸೌಕರ್ಯವಿತ್ತು. ಇದನ್ನು ತಿಳಿಸಬೇಕಾದವರು ನಾವು. ಅದು ನಮ್ಮ ಉದ್ಯೋಗ. ಕಡೆಯ ದಿನ ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾಗಿದ್ದ ಮಾತು. ಆ ಐದು ನಿಮಿಷವನ್ನು ನಾವು ಬೈಯುವುದಕ್ಕೆ ಉಪಯೋಗಿಸಿದ್ದೆವು.

ಹುಡುಗಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿ ಹತ್ತನೆಯದನ್ನು ಮುಗಿಸಿದಳು. ಈಗ ದೂರದ ಊರಿನಲ್ಲಿ ದಾದಿಯಾಗಿದ್ದಾಳೆ. ಕಳೆದ ವರ್ಷ ಪೇಟೆಯಲ್ಲಿ ಸಿಕ್ಕಿದ ಅವಳ ತಾಯಿ ಮೊಬೈಲನ್ನು ತೆರೆದು ಮಗಳು ಕಳುಹಿಸುವ ಸಂದೇಶಗಳನ್ನು ತೋರಿಸಿದರು. ಮಾತು ತುಳು, ಅಕ್ಷರ ಕನ್ನಡ. ನಮ್ಮ ಮಗನಿಗೂ ಆ ಬೇಸಗೆಯಲ್ಲಿಯೇ ಕನ್ನಡದ ಅಕ್ಷರಾಭ್ಯಾಸವನ್ನು ಆರಂಭಿಸಿದೆವು. ಇಂದು ಅವನು ಕನ್ನಡವನ್ನು ಓದಬಲ್ಲ. ಬರೆಯುವಾಗ ಒತ್ತಕ್ಷರಗಳಲ್ಲಿ ತಪ್ಪುತ್ತಾನೆ. ತಡವಾಗಿ ಬಿತ್ತಿದುದರ ಫಲ ಅಷ್ಟೇ ಎಂದು ಒಪ್ಪಿಕೊಂಡಿದ್ದೇವೆ.

ಅಂದಿನಿಂದ ಏಳನೆಯ ತರಗತಿಯ ಕಡೆಯ ದಿನವನ್ನು ನಾವು ಬೇರೆ ರೀತಿಯಲ್ಲಿ ನಡೆಸುತ್ತೇವೆ. ಹಿತವಚನ ಈಗ ಚಿಕ್ಕದು. ಅದರ ಬದಲು ಒಂದು ವಾರ ಮುಂಚಿತವಾಗಿ ಮಕ್ಕಳಿಗೆ ಒಂದು ಕೆಲಸವನ್ನು ಕೊಡುತ್ತೇವೆ. ಮನೆಯಲ್ಲಿರುವ ಹಳೆಯ ಕನ್ನಡ ಬರೆಹ ಯಾವುದಾದರೂ ಸರಿ, ಅದನ್ನು ಹಿರಿಯರ ಅನುಮತಿಯಿಂದ ನೋಡಿ, ಒಂದು ಪುಟವನ್ನು ನಕಲು ಮಾಡಿಕೊಂಡು ಬರಬೇಕು. ಅಜ್ಜನ ಕಾಗದ, ಅಜ್ಜಿಯ ಹಾಡಿನ ಪುಸ್ತಕ, ಅಡಿಕೆಯ ಲೆಕ್ಕ, ಕೈಬರೆಹದ ಯಕ್ಷಗಾನ ಪ್ರಸಂಗ, ಹೀಗೆ ಏನೇನೋ ಬರುತ್ತವೆ. ಕಡೆಯ ದಿನ ಅವುಗಳನ್ನು ಗಟ್ಟಿಯಾಗಿ ಓದುತ್ತಾರೆ. ಕೆಲವರ ಮನೆಯಲ್ಲಿ ಆ ಕಾಗದಗಳನ್ನು ಓದಬಲ್ಲವರು ಆ ಮಗುವಿನ ಹೊರತು ಬೇರೆ ಯಾರೂ ಇಲ್ಲವೆಂಬುದು ಮಗುವಿಗೆ ಅಂದೇ ತಿಳಿಯುತ್ತದೆ. ಕನ್ನಡವನ್ನು ಬಿಡಬೇಡವೆಂದು ನಾವು ಬೇರೆ ಹೇಳಬೇಕಾಗುವುದಿಲ್ಲ. ವರ್ಗಾವಣೆಯ ಪತ್ರಕ್ಕಾಗಿ ಬಂದವರಿಗೆ ಕುಳಿತುಕೊಳ್ಳಲು ಕುರ್ಚಿ ಕೊಡುತ್ತೇವೆ; ಯಾವ ಶಾಲೆಯಲ್ಲಿ ಕನ್ನಡವು ಪ್ರಥಮ ಭಾಷೆಯಾಗಿ ಉಂಟೆಂದು ವಿಚಾರಿಸಿ ಹೇಳುತ್ತೇವೆ. ಹೀಗೆ ಮಾಡಿದುದರಿಂದ ಎಲ್ಲರೂ ಉಳಿದರೆಂದು ಹೇಳಲಾರೆವು. ಹೋಗುವವರು ಹೋಗುತ್ತಾರೆ. ಆದರೆ ಮುಖ ತಿರುಗಿಸಿಕೊಂಡು ಹೋಗುವುದಿಲ್ಲ.

ಇನ್ನು ಸಂಘದ ಮುಂದೆ ನಮ್ಮ ಎರಡು ಬಿನ್ನಹಗಳು. ಮಾರ್ಚಿನ ಕಡೆಯ ದಿನಕ್ಕೂ ಜೂನಿನಲ್ಲಿ ಮಳೆಯೊಡನೆ ಶಾಲೆ ಬಾಗಿಲು ತೆರೆಯುವುದಕ್ಕೂ ನಡುವೆ ಎರಡು ತಿಂಗಳುಗಳಿವೆ. ಕನ್ನಡದ ಮಗು ಯಾವ ಕಡೆಗೆ ಹೋಗುವುದೆಂಬುದು ನಿಶ್ಚಯವಾಗುವುದು ಆ ಎರಡು ತಿಂಗಳಲ್ಲಿ. ನಮ್ಮ ಸಭೆ, ನಿರ್ಣಯ, ಮನವಿಗಳೆಲ್ಲ ನವೆಂಬರಿನಲ್ಲಿ ನಡೆಯುತ್ತವೆ. ಅವು ನಡೆಯಲಿ, ಕನ್ನಡ ಬಲ್ಲ ಉಪಾಧ್ಯಾಯರ ನೇಮಕಕ್ಕಾಗಿ ಸರಕಾರವನ್ನು ಕೇಳುವುದು ನಮ್ಮ ಹಕ್ಕು, ಅದನ್ನು ಬಿಡತಕ್ಕದ್ದಲ್ಲ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಘದ ಇಬ್ಬರು ಮೂವರು ಏಳನೆಯದನ್ನು ಮುಗಿಸಿದ ಮಕ್ಕಳ ಮನೆಗಳಿಗೆ ಹೋಗಿ, ಉಪದೇಶಕ್ಕಲ್ಲದೆ ಮಾಹಿತಿ ಕೊಡುವುದಕ್ಕಾಗಿ ಕುಳಿತುಕೊಳ್ಳಲಿ. ಇದು ಮೊದಲನೆಯದು.

ಎರಡನೆಯದು, ಬೇರೆ ಮಾಧ್ಯಮಕ್ಕೆ ಹೋದ ಮಕ್ಕಳನ್ನು ನಮ್ಮವರಲ್ಲವೆಂದು ಎಣಿಸದಿರೋಣ. ಸಂಘದ ವಾಚನಾಲಯದಲ್ಲಿ ಅವರಿಗೂ ಸ್ಥಳವಿರಲಿ, ವಾಚನಸ್ಪರ್ಧೆಯಲ್ಲಿ ಅವರಿಗೂ ಬಹುಮಾನವಿರಲಿ. ಓದುವ ಅವಕಾಶವಿರುವ ತನಕ ಅಕ್ಷರ ಮರೆಯುವುದಿಲ್ಲ.

ತಮ್ಮ ಬಹಳ ಹೊತ್ತನ್ನು ತೆಗೆದುಕೊಂಡೆವು. ಇಲ್ಲಿ ಕುಳಿತಿರುವ ತಾಯಂದಿರಲ್ಲಿ ಏಳನೆಯ ತರಗತಿಗೇ ಶಾಲೆಯನ್ನು ಬಿಟ್ಟವರು ಹಲವರಿರಬಹುದು. ಸಂಜೆಯ ಹೊತ್ತು ತಮ್ಮ ಮಕ್ಕಳಿಂದ ಪತ್ರಿಕೆಯನ್ನು ಓದಿಸಿ ಕೇಳುವ ಪದ್ಧತಿ ತಮ್ಮ ಮನೆಯಲ್ಲಿದ್ದರೆ, ಈ ಗಡಿಯ ಕನ್ನಡಕ್ಕೆ ತಾವು ಮಾಡುತ್ತಿರುವ ಸೇವೆ ನಮ್ಮಂತಹ ಪಂಡಿತರ ಸೇವೆಗಿಂತ ಕಡಿಮೆಯದಲ್ಲ. ಆ ಪದ್ಧತಿ ಇಲ್ಲದಿದ್ದರೆ ಇಂದಿನಿಂದಲೇ ಆರಂಭಿಸಬೇಕೆಂದು ಪ್ರಾರ್ಥಿಸುತ್ತೇವೆ.